ಟಾಕಿಯಲ್ಲಿಲ್ಲದ ಬಾವಿ

ಇಲ್ಲಿ ಬರೆಯುವುದರಲ್ಲಿ ಒಂದೆರಡು ಸಂಗತಿ ತಪ್ಪಿರಬಹುದು. ಆ ಟಾಕಿಯಲ್ಲಿ ಪ್ರಖ್ಯಾತ ನಟ ಏರಿದ್ದು ಬಿಳಿ ಕುದುರೆಯೋ ಕಪ್ಪು ಕುದುರೆಯೋ ಎಂದು ಕೇಳಿದರೆ ಆಣೆ ಮಾಡಲಾರೆ; ಅವನು ಕುದುರೆ ಏರಿದನೇ ಎಂಬುದೇ ಈಗ ಅನುಮಾನ. ಧಾರವಾಡದಲ್ಲಿ ಓದಿ ಬಿ.ಎ. ಆದವಳು ನಾನು; ಆಮೇಲೆ ದಿನಚರಿ ಬರೆಯುವ ಚಟ ಹತ್ತಿತು, ನೆನಪಿನ ಮೇಲಿದ್ದ ನಂಬಿಕೆ ಹೋಯಿತು. ಟಾಕಿ ನೋಡಿದ ದಿನದ ಪುಟದಲ್ಲಿ ಇರುವುದು ಇಷ್ಟೇ: 'ಟಾಕಿ ಸಪ್ಪೆ. ಅವ್ವನಿಗೆ ಖುಷಿ.'

ನನ್ನ ಅಣ್ಣನ ಹೆಂಡತಿ ನಾಗವೇಣಿಯ ತವರು ಸದಾಶಿವಗಡ. ಎರಡು ದಿನವೆಂದು ಹೋದವಳು ಹಟ್ಟಿಕೇರಿಗೆ ಮರಳಿದ್ದು ಐದನೆಯ ದಿನ. ಅವ್ವ ಬಾಯಿ ತೆರೆಯುವ ಮೊದಲೇ, ಕಾಳಿ ನದಿ ದಾಟಿ ಕಾರವಾರಕ್ಕೆ ಹೋಗಿ ಟಾಕಿ ನೋಡಿದೆ, ಜನಜಂಗುಳಿಯಲ್ಲಿ ಮೂರನೆಯ ಸಲ ಹೋದಾಗಲೇ ಟಿಕೆಟ್ ಸಿಕ್ಕಿದ್ದು ಎಂದು ಅತ್ತಿಗೆ ವರದಿ ಒಪ್ಪಿಸಿದಳು. ನಮ್ಮಲ್ಲಿ ಆಟ ನೋಡಿ ಬಂದವರು ಉಳಿದವರಿಗೆ ಪೂರ್ತಿ ಕತೆ ಹೇಳಲೇಬೇಕು. ಕತೆ ತಿಳಿಯದೆ ಆಟಕ್ಕೆ ಕೂತರೆ ನೋಡುವುದೇನನ್ನು ಎಂಬುದು ನಮ್ಮವರ ವಾದ. ಹಾಗಾಗಿ ಕೊಲೆ ಮಾಡಿದವನು ಲೆಕ್ಕ ಬರೆಯುವ ಮುನೀಮನೆಂದು ಅತ್ತಿಗೆ ಮೊದಲೇ ಹೇಳಿಬಿಟ್ಟಳು. ಆದರೂ ಅವಲಕ್ಕಿ ಕುಟ್ಟುತ್ತ, ನಾಯಕ ಪಿಸ್ತೂಲು ಕಚ್ಚಿಕೊಂಡು ಹಾಳುಬಾವಿಗೆ ಹಾರುವ ಕಡೆ ಅವಳು ಒನಕೆಯನ್ನು ಎತ್ತಿ ನಿಲ್ಲಿಸಿದಾಗ, ನಮ್ಮೆಲ್ಲರ ಉಸಿರೂ ಅದರ ಜೊತೆ ಮೇಲೆಯೇ ನಿಂತಿತು.

ಯಾವ ಆಟಕ್ಕೂ ಹೋಗದ ಅವ್ವ, ಆ ಬಾವಿ ನೋಡಬೇಕು ಎಂದಳು. ಆಸೆ ಅರ್ಧ, ಸೊಸೆ ಐದು ದಿನ ಉಳಿದದ್ದರ ತನಿಖೆ ಅರ್ಧ ಎಂದು ನನ್ನ ಊಹೆ.

ನಾನೂ ಅವ್ವನೂ ಅಂಕೋಲೆಯಿಂದ ಮೋಟಾರು ಹಿಡಿದು ಕಾರವಾರದ ಟಾಕಿ ಡೇರೆ ಸೇರಿದೆವು. ಹೊರಗಿನ ಚಿತ್ರದಲ್ಲಿ ಪಿಸ್ತೂಲು ಹಿಡಿದಿದ್ದ ನಟ ಒಳಗೆ ಹಾರ್ಮೋನಿಯಂ ಹಿಡಿದಿದ್ದ. ಒಂದು ಕೊಲೆಯಾದರೆ ಹಾಡು, ಸುಳಿವು ಸಿಕ್ಕಿದರೆ ಇನ್ನೊಂದು ಹಾಡು. ಮುನೀಮನ ಮೀಸೆ ನೋಡಿದ ಕ್ಷಣವೇ ಹಿಂದಿನ ಸಾಲಿನವರೆಲ್ಲ ಅವನೇ ಅಪರಾಧಿ ಎಂದು ತೀರ್ಪು ಕೊಟ್ಟರು; ಪತ್ತೇದಾರನಾಗಿದ್ದ ನಮ್ಮ ನಟನಿಗೆ ಅದು ತಿಳಿಯಲು ಇನ್ನೂ ಎರಡು ತಾಸು ಬೇಕಾಯಿತು. ಹಿಂದಿ ಮಾತು ನನಗೇ ಅರೆಬರೆ. ಅವ್ವನಿಗೆ ಅದು ಬೇಕಾಗಿಯೂ ಇರಲಿಲ್ಲ. ಅವಳು ಕಾಯುತ್ತಿದ್ದದ್ದು ಬಾವಿಯನ್ನು. ಮುನೀಮನಿಗೆ ಬೇಡಿ ಬಿತ್ತು, ಬಾವಿ ಬರಲಿಲ್ಲ.

"ನಾಗೂ ಹೇಳಿದ ಬಾವಿ ಎಲ್ಲದೆ ಮಗಾ?" ಅವ್ವನ ದನಿ ತಣ್ಣಗಿತ್ತು. "ಇಲ್ಲಾ ಅಂದ್ರೆ ಅವಳ ತವರ ದಾರಿ ಇಲ್ಲಿಗೇ ಮುಗೀತು ನೋಡು."

ನಡುವೆ ಒಮ್ಮೆ ಫಿಲ್ಮು ಹರಿದು ದೀಪ ಹಾಕಿದ್ದರಲ್ಲ, ಅದು ನೆನಪಾಯಿತು. ಬಾವಿ ಇದ್ದದ್ದು ಆ ಹರಿದ ತುಂಡಿನಲ್ಲೇ, ಕತ್ತರಿಸಿ ಬಿಸಾಡಿಬಿಟ್ಟರು ಎಂದೆ. ಬಿ.ಎ. ಓದಿದ್ದು ಮನೆಯವರಿಗೆ ಉಪಯೋಗಕ್ಕೆ ಬಂದದ್ದು ಅಂದೇ ಮೊದಲು. ಅವ್ವ ಸೆರಗು ಸರಿಮಾಡಿಕೊಂಡು ಎದ್ದಳು. "ಹಂಗೇ ಇರಬೇಕು. ನೀರಿನ ಶಬ್ದ ಒಂಚೂರು ಕೇಳಿತಪ್ಪಾ" ಎಂದಳು.

ವಾರದೊಳಗೆ ಅವ್ವ ನೆರೆಮನೆಯವರಿಗೆ ಬಾವಿಯ ಮೆಟ್ಟಿಲು ಎಣಿಸಿ ಹೇಳುತ್ತಿದ್ದಳು. ಅತ್ತಿಗೆ ಮುಂದಿನ ತಿಂಗಳೂ ತವರಿಗೆ ಹೋದಳು. ನನ್ನ ಪಾಡೇ ವಿಚಿತ್ರ: ನೀರಿನಿಂದೆದ್ದ ನಟನ ಒದ್ದೆ ಕೂದಲು ಈಗ ನನಗೂ ಸ್ಪಷ್ಟವಾಗಿ ನೆನಪಿದೆ, ಸುಳ್ಳು ಕಟ್ಟಿದವಳು ನಾನೇ ಆದರೂ. ತಡೆಯಲಾರದೆ, ಮೊನ್ನೆ ಅತ್ತಿಗೆ ಒಬ್ಬಳೇ ಸಿಕ್ಕಾಗ ಕೇಳಿಬಿಟ್ಟೆ. ಅವಳು ನನ್ನ ಮುಖ ನೋಡಿ ನಕ್ಕಳು, ಒಳಗೆ ಹೋದಳು. ನಾನು ಕೇಳಿದ್ದು ಇಷ್ಟೇ:

"ಅತ್ತಿಗೇ, ಆ ಟಾಕಿ ನೋಡಿದ್ದು ನೀನೋ, ನೋಡಿ ಬಂದವರು ಹೇಳಿದ್ದು ಕೇಳಿದ್ಯೋ?"