ಕೆಲವು ಅಭಿಮಾನಿಗಳ ಪ್ರಕಾರ

ಆ ಭಾನುವಾರ ವೆಂಡೆಲ್ ಸ್ಟ್ರೂಬನ ಮಾನ ಹರಾಜಾಗಿದ್ದು ಒಂದು ಬೇಸ್‌ಬಾಲ್ ಚೆಂಡಿನಿಂದ. ಅದೇನು ಸಿಡಿಲಿನಂಥ ಚೆಂಡಲ್ಲ. ಎರಡನೇ ಇನ್ನಿಂಗ್ಸಿನಲ್ಲಿ ಎದುರು ತಂಡದವನ ಬ್ಯಾಟಿಗೆ ತಗುಲಿ, ಬಿಸಿ ಪಾತ್ರೆಯಲ್ಲಿ ಜೋಳ ಸಿಡಿದ ಹಾಗೆ ನೆಲದ ಮೇಲೆ ಪುಟಪುಟನೆ ಸಿಡಿಯುತ್ತ ಮೂರನೇ ಬೇಸಿನ ಕಡೆಗೆ ಹೋಯಿತು. ಅಲ್ಲಿ ನಿಂತಿದ್ದ ಕೋಡಿ ಹಾಲ್ವರ್ಸನ್ ಬಗ್ಗಿದ. ಚೆಂಡು ಅವನ ಕೈಗವಸಿನ ಅಂಚಿಗೆ ಬಡಿದು ಪಕ್ಕಕ್ಕೆ ಹಾರಿತು. ಹೊಡೆದವನು ಓಡಿಹೋಗಿ ಮೊದಲ ಬೇಸ್ ಸೇರಿಕೊಂಡ.

ಮೇಲೆ ಪತ್ರಕರ್ತರ ಕೋಣೆಯ ಮೂಲೆಯಲ್ಲಿ ಮಿಸ್ ಓಸ್ಟರ್ ಮೈಕಿಗೆ ಬಾಯಿ ಹಚ್ಚಿ, "ಎರರ್. ಮೂರನೇ ಬೇಸು," ಎಂದರು.

ಅಂದರೆ ಹೊಡೆದವನ ಲೆಕ್ಕಕ್ಕೆ ಹಿಟ್ ಇಲ್ಲ, ಅವನು ಬೇಸ್ ಸೇರಿದ್ದು ಸ್ವಂತ ಹೊಡೆತದ ಬಲದಿಂದಲ್ಲ, ತಪ್ಪೆಲ್ಲ ಕೋಡಿಯ ತಲೆಗೆ. ಮಾರ್ಬಲ್ ಬೆಂಡ್ ಊರಿನ ಬುಲ್‌ಹೆಡ್ಸ್ ತಂಡದ ಮೈದಾನದಲ್ಲಿ ಯಾವುದು ಹಿಟ್, ಯಾವುದು ಎರರ್ ಎಂದು ತೀರ್ಮಾನಿಸುವ ಸ್ಕೋರರ್ ಆಕೆಯೇ. ಅರ್ಧ ಊರಿಗೆ ಮೂರನೇ ಕ್ಲಾಸಿನಲ್ಲಿ ಮಗ್ಗಿ ಕಲಿಸಿದವರು. ನಿವೃತ್ತಿಯಾದ ಮೇಲೂ ಊರಿನ ತಪ್ಪು ತಿದ್ದುವ ಕೆಲಸ ಬಿಟ್ಟಿರಲಿಲ್ಲ.

ವೆಂಡೆಲ್ ಕೂಡ ಅವರ ಕೈಲಿ ಕಿವಿ ಹಿಂಡಿಸಿಕೊಂಡವನೇ. ಈಗ ಹಾರ್ಡ್‌ವೇರ್ ಅಂಗಡಿಯಲ್ಲಿ ಬಣ್ಣ ಕಲಸಿ ಕೊಡುವ ಕೆಲಸ. ಉಳಿದ ಹೊತ್ತಿನಲ್ಲಿ ಬುಲ್‌ಹೆಡ್ಸ್ ಬಗ್ಗೆ ಬ್ಲಾಗು ಬರೆಯುತ್ತಿದ್ದ. ಅದರ ಹೆಸರು 'ಮೂರನೇ ಬೇಸಿನ ಹಿಂದಿನ ಬೆಂಚು'. ಒಂಬತ್ತು ವರ್ಷದಿಂದ ಒಂದು ಆಟವೂ ತಪ್ಪದೆ ಬರೆದಿದ್ದ. ಮಿಸ್ ಓಸ್ಟರರ ತೀರ್ಪುಗಳನ್ನು ತಪ್ಪದೆ ಬೈದೂ ಇದ್ದ.

ಅವನ ಎದೆಯಲ್ಲಿ ಮುಳ್ಳಾಗಿ ಕೂತಿದ್ದ ಸಂಗತಿ ಬೇರೆ. ಊರಿನ ಪತ್ರಿಕೆ 'ಬೆಂಡ್ ಹೆರಾಲ್ಡ್'ನವರು ಅವನ ಬ್ಲಾಗಿನಿಂದ ಬೇಕಾದ್ದನ್ನೆಲ್ಲ ಎತ್ತಿಕೊಳ್ಳುತ್ತಿದ್ದರು. ಹೆಸರು ಮಾತ್ರ ಹಾಕುತ್ತಿರಲಿಲ್ಲ. 'ಕೆಲವು ಅಭಿಮಾನಿಗಳ ಪ್ರಕಾರ' ಎಂದು ಬರೆದು ಕೈ ತೊಳೆದುಕೊಳ್ಳುತ್ತಿದ್ದರು. "ಕೆಲವು ಅಭಿಮಾನಿಗಳು ಅಂದ್ರೆ ಯಾರು? ನಾನೊಬ್ಬನೇ ತಾನೇ! ನನಗೆ ಹೆಸರಿಲ್ವಾ?" ಎಂದು ಬಣ್ಣದ ಡಬ್ಬ ಅಲ್ಲಾಡಿಸುತ್ತ ಅವನು ಗಿರಾಕಿಗಳ ಮುಂದೆ ಹೇಳಿಕೊಳ್ಳದ ದಿನವಿರಲಿಲ್ಲ.

ಅರ್ಜಿಯ ಮೇಲೆ ಅರ್ಜಿ ಹಾಕಿದ ಮೇಲೆ ಆ ಭಾನುವಾರ ತಂಡದ ಕಚೇರಿಯ ಬ್ರೆಂಡಾ ಅವನ ಕೊರಳಿಗೆ ಪತ್ರಕರ್ತರ ಕಾರ್ಡು ಹಾಕಿದ್ದಳು. ಒಂದೇ ದಿನದ್ದು.

"ನೋಡು ವೆಂಡೆಲ್, ಇದು ಪರೀಕ್ಷೆ," ಎಂದಿದ್ದಳು. "ಇವತ್ತು ಸರಿಯಾಗಿ ನಡ್ಕೊಂಡು ಸರಿಯಾಗಿ ಬರೆದ್ರೆ ವರ್ಷದ ಕಾರ್ಡು. ಆದ್ರೆ ಒಂದು ಮಾತು. ಪತ್ರಕರ್ತರ ಕೋಣೇಲಿ ಯಾರೂ ಕೂಗೋ ಹಾಗಿಲ್ಲ, ಚಪ್ಪಾಳೆ ತಟ್ಟೋ ಹಾಗಿಲ್ಲ. ನಮ್ಮ ತಂಡ ಗೆದ್ರೂ ಅಷ್ಟೆ, ಮುಳುಗಿದ್ರೂ ಅಷ್ಟೆ."

"ಕಲ್ಲಿನ ಹಾಗೆ ಕೂತಿರ್ತೀನಿ," ಎಂದು ವೆಂಡೆಲ್ ಮಾತು ಕೊಟ್ಟಿದ್ದ.

ಕೋಡಿಯ ಮೇಲೆ ತಪ್ಪು ಹೊರಿಸಿದ್ದನ್ನು ಕೇಳಿ ಆ ಕಲ್ಲಿಗೆ ಮೈಯೆಲ್ಲ ಉರಿಯಿತು. ಕೂಗುವ ಹಾಗಿಲ್ಲವಲ್ಲ, ಲ್ಯಾಪ್‌ಟಾಪ್ ಎಳೆದುಕೊಂಡು ಬ್ಲಾಗಿನಲ್ಲೇ ಕೂಗಿದ: 'ಇದು ಅಪ್ಪಟ ಹಿಟ್! ಆ ಚೆಂಡನ್ನು ಹಿಡಿಯಲು ಕೋಡಿಗೆ ಮೂರನೇ ಕೈ ಬೇಕಿತ್ತು. ಮಿಸ್ ಓಸ್ಟರ್ ಕನ್ನಡಕ ಬದಲಾಯಿಸಲಿ, ಇಲ್ಲವೇ ಕುರ್ಚಿ ಬಿಡಲಿ!'

ಪಕ್ಕದ ಕುರ್ಚಿಯಲ್ಲಿ ಹೆರಾಲ್ಡಿನ ಹಾರ್ಲನ್ ಕ್ರೂಗರ್ ಕೂತಿದ್ದರು. ಬುಲ್‌ಹೆಡ್ಸ್ ಆಟ ಬರೆದು ಬರೆದೇ ಹಲ್ಲು ಉದುರಿಸಿಕೊಂಡ ಮುದುಕ. ಅವರು ಓರೆಗಣ್ಣಿನಿಂದ ಓದಿ, "ಬಿಸಿ ಬಿಸಿಯಾಗಿದೆ," ಎಂದರು. "ಸ್ವಲ್ಪ ಆರೋಕೆ ಬಿಡಬೇಕಿತ್ತು."

"ಆರಿಸಿ ಆರಿಸಿ ಬಡಿಸೋದು ನಿಮ್ಮ ಪತ್ರಿಕೆ ಸಾರ್. ನಮ್ಮದು ಒಲೆ ಮೇಲಿಂದ ನೇರ ತಟ್ಟೆಗೆ."

"ತಿಂದವರ ನಾಲಿಗೆ ಸುಡುತ್ತಪ್ಪ."

ಮುಂದಿನ ಇನ್ನಿಂಗ್ಸಿನಲ್ಲಿ ಬುಲ್‌ಹೆಡ್ಸ್‌ಗೆ ಚೆಂಡೆಸೆಯುವ ಪಿಚರ್ ರಫಾಯೆಲ್ ಕಿಂಟೆರೊ ಎದುರು ತಂಡದ ಮೂವರನ್ನೂ ಸಾಲಾಗಿ ಔಟ್ ಮಾಡಿದ. ವೆಂಡೆಲ್‌ನ ಗಂಟಲವರೆಗೆ ಜೈಕಾರ ಬಂತು. ನುಂಗಿದ. ಮತ್ತೆ ಬಂತು. ಮುಖ ಬೀಟ್‌ರೂಟಾಯಿತು. ತಡೆಯಲಾರದೆ ಎದ್ದು, ಉದ್ದದ ಓಣಿಯ ತುದಿಯಲ್ಲಿದ್ದ ಪಾಯಿಖಾನೆಗೆ ಓಡಿದ. ಬಾಗಿಲು ಹಾಕಿ, ನಲ್ಲಿ ಪೂರಾ ತಿರುಗಿಸಿ, ಕರು ಕಳೆದುಕೊಂಡ ಹಸುವಿನ ಹಾಗೆ ಅರಚಿದ. ಎದೆ ಹಗುರಾಗುವವರೆಗೂ ಅರಚಿ, ಮುಖ ತೊಳೆದು, ಸಭ್ಯನಾಗಿ ಬಂದು ಕೂತ.

ಐದನೇ ಇನ್ನಿಂಗ್ಸಿಗೆ ಅವನು ಬೆರಳು ಮಡಚಿ ಲೆಕ್ಕ ಹಾಕಿದ. ಎದುರು ತಂಡದವರು ಇನ್ನೂ ಒಂದೂ ಹಿಟ್ ಹೊಡೆದಿಲ್ಲ! ಎರಡನೇ ಇನ್ನಿಂಗ್ಸಿನದು ಎರರ್ ತಾನೇ? ಹಾಗಾದರೆ ಕಿಂಟೆರೊ ಎಸೆಯುತ್ತಿರುವುದು...

ಹೆಸರು ಮನಸ್ಸಿಗೆ ಬರುವ ಮೊದಲೇ ವೆಂಡೆಲ್ ತನ್ನ ಕೆನ್ನೆಗೆ ತಾನೇ ಹೊಡೆದುಕೊಂಡ. ಎದುರಾಳಿಗೆ ಒಂದೂ ಹಿಟ್ ಕೊಡದೆ ಇಡೀ ಆಟ ಮುಗಿಸುವುದಕ್ಕೆ ನೋ-ಹಿಟ್ಟರ್ ಎನ್ನುತ್ತಾರೆ. ಬುಲ್‌ಹೆಡ್ಸ್ ಹುಟ್ಟಿದಾಗಿನಿಂದ ಯಾರೂ ಅದನ್ನು ಕಂಡಿಲ್ಲ. ಅದು ನಡೆಯುತ್ತಿರುವಾಗ ಅದರ ಹೆಸರೆತ್ತಬಾರದು. ಎತ್ತಿದರೆ ದೃಷ್ಟಿ ತಾಗಿ ಮುರಿದುಬೀಳುತ್ತದೆ. ಆಟಗಾರರೂ ಆ ಹೊತ್ತಿನಲ್ಲಿ ಪಿಚರನ ಪಕ್ಕ ಕೂರುವುದಿಲ್ಲ. ನೋಡುವವರು ಕೂತ ಜಾಗ, ಕೂತ ಭಂಗಿ ಬದಲಾಯಿಸುವುದಿಲ್ಲ. ನಾನಿಲ್ಲಿರುವವರೆಗೆ ಇದಕ್ಕೆ ದೃಷ್ಟಿ ತಾಗಗೊಡುವುದಿಲ್ಲ ಎಂದು ವೆಂಡೆಲ್ ಹಲ್ಲು ಕಚ್ಚಿದ.

ಮೊದಲು ತನ್ನ ಸ್ಕೋರ್ ಹಾಳೆಯಲ್ಲಿ ಕೋಪದಿಂದ ಹಿಟ್ ಎಂದು ಗೀಚಿದ್ದನ್ನು ರಬ್ಬರಿನಿಂದ ಅಳಿಸಿ ಎರರ್ ಎಂದು ತಿದ್ದಿದ. ತಿದ್ದುತ್ತ ತಿದ್ದುತ್ತ ಅವನಿಗೆ ಅದು ಎರರೇ ಎನ್ನಿಸಿತು. ಕೋಡಿ ಹಿಡಿಯಬೇಕಿತ್ತು. ಚಿಕ್ಕ ಮಗುವೂ ಹಿಡಿಯುತ್ತಿತ್ತು. ಮಿಸ್ ಓಸ್ಟರರದು ಎಂಥ ಹದ್ದಿನ ಕಣ್ಣು! ಬ್ಲಾಗಿನಲ್ಲಿ ಬರೆದದ್ದನ್ನೂ ಅಳಿಸಿಬಿಡಲೇ ಎಂದುಕೊಂಡ. ಅಳಿಸಿದರೆ ಓದುವವರು ಯಾಕೆ ಅನ್ನುತ್ತಾರೆ. ಯಾಕೆ ಅಂದರೆ ಕಾರಣ ಹೇಳಬೇಕು. ಹೇಳಿದರೆ ದೃಷ್ಟಿ. ಲ್ಯಾಪ್‌ಟಾಪ್ ಮುಚ್ಚಿ, ಫೋನನ್ನೂ ಆರಿಸಿ ಕಾಲುಚೀಲದೊಳಗೆ ತುರುಕಿದ. ಮೈದಾನದ ದೊಡ್ಡ ಬೋರ್ಡಿನ ಕಡೆ ಕಣ್ಣು ಹೋಗದಂತೆ ಟೋಪಿಯನ್ನು ಎಡಕ್ಕೆ ವಾಲಿಸಿಕೊಂಡ. ಆ ಗಳಿಗೆಯಲ್ಲಿ ಅವನ ಬಲಗಾಲಿನ ಬೂಟು ಬಿಚ್ಚಿತ್ತು, ಬಾಯಲ್ಲಿ ಅರ್ಧ ಹಾಟ್‌ಡಾಗ್ ಇತ್ತು. ಬೂಟು ಹಾಗೇ ಬಿಟ್ಟ. ಹಾಟ್‌ಡಾಗನ್ನು ನುಂಗಬಹುದೋ ಬಾರದೋ ಎಂದು ಬಹಳ ಹೊತ್ತು ಯೋಚಿಸಿ, ಕೊನೆಗೆ ಕೆನ್ನೆಯಲ್ಲೇ ಇಟ್ಟುಕೊಂಡ.

ಆರನೇ ಇನ್ನಿಂಗ್ಸಿನಲ್ಲಿ ಹಾರ್ಲನ್ ಈ ಕಡೆ ವಾಲಿದರು. "ಅಲ್ಲಯ್ಯಾ ವೆಂಡೆಲ್, ಆ ಎರಡನೇ ಇನ್ನಿಂಗ್ಸಿನ ಚೆಂಡು ನೋಡು..."

ವೆಂಡೆಲ್ ಕೂತಲ್ಲಿಂದಲೇ ಕೈ ಚಾಚಿ ಮುದುಕನ ಬಾಯಿಯನ್ನು ಅಂಗೈಯಿಂದ ಮುಚ್ಚಿದ. ಕೈಗೆ ಅಂಟಿದ್ದ ಹಾಟ್‌ಡಾಗಿನ ಸಾಸಿವೆ ಗೊಜ್ಜು ಅವರ ಮೀಸೆಗೆ ಮೆತ್ತಿತು.

"ಹಾರ್ಲನ್ ಸಾರ್, ನಿಮ್ಮ ಕಾಲಿಗೆ ಬೀಳ್ತೀನಿ. ಆಟ ಮುಗಿಯೋವರೆಗೆ ಅದರ ಮಾತು ಬೇಡ!"

"ಮೀಸೆ ಬಿಡೋ ಮೊದಲು! ಹೇಳೋದು ಕೇಳಿಸ್ಕೊಳ್ಳೋಕೆ ಏನಯ್ಯಾ ಕಷ್ಟ?"

"ಕೇಳಲ್ಲ. ಕೇಳಲ್ಲ ಅಂದ್ರೆ ಕೇಳಲ್ಲ."

"ಕೇಳದೆ ಬರೆಯೋನು," ಎಂದು ಗೊಣಗಿ ಹಾರ್ಲನ್ ಕರವಸ್ತ್ರ ತೆಗೆದು ಮೀಸೆ ಒರೆಸಿಕೊಂಡರು. ತಮ್ಮ ಹಾಳೆಗಳ ಕಡೆ ತಿರುಗಿದರು.

ಏಳನೇ ಇನ್ನಿಂಗ್ಸಿನ ನಡುವೆ, ಆಟದ ವಾಡಿಕೆಯಂತೆ, ಇಡೀ ಮೈದಾನ ಎದ್ದು ಮೈಮುರಿದು ಹಾಡಿತು. ವೆಂಡೆಲ್ ಏಳಲಿಲ್ಲ. ಅವನ ಎಡಗಾಲು ಜೋಮು ಹಿಡಿದು ಬೇರೆ ಯಾರದೋ ಕಾಲಿನ ಹಾಗಿತ್ತು. ಆ ಹೊತ್ತಿಗೆ ಮಿಸ್ ಓಸ್ಟರರೇ ಚಹಾದ ಲೋಟ ಹಿಡಿದು ಬಂದರು. ಮುಖದಲ್ಲಿ ನಗು. ಮೂರನೇ ಕ್ಲಾಸಿನಿಂದ ಈಚೆಗೆ ಅವರು ಅವನನ್ನು ನೋಡಿ ನಕ್ಕಿದ್ದೇ ಇಲ್ಲ.

"ಏನಪ್ಪ ವೆಂಡೆಲ್, ಈಗ ಸಮಾಧಾನ ಆಯ್ತಾ? ನಾನು ಮತ್ತೆ ಮತ್ತೆ ಕೂತು ನೋಡಿ..."

"ಮಿಸ್ ಓಸ್ಟರ್, ಬೇಡ! ಬಾಯಿ ಬಿಟ್ಟು ಹೇಳ್ಬೇಡಿ!" ವೆಂಡೆಲ್ ಎರಡೂ ಕಿವಿಗೆ ಬೆರಳು ತುರುಕಿಕೊಂಡ. "ನಿಮ್ಮ ಕಣ್ಣು ದೊಡ್ಡದು. ನಿಮ್ಮ ತೀರ್ಪು ದೊಡ್ಡದು. ನಾನು ಪಾಪಿ. ಹೋಗಿ ಕೂತ್ಕೊಳ್ಳಿ."

"ಎಷ್ಟು ವಿನಯ ಬಂದಿದೆ ಈ ಹುಡುಗನಿಗೆ!" ಎಂದು ಆಕೆ ಬ್ರೆಂಡಾಳ ಕಡೆ ತಿರುಗಿ ಹೇಳಿದರು. ಬ್ರೆಂಡಾ ತಲೆಯಾಡಿಸಿ, ಏನನ್ನೋ ನೆನಪಿಸಿಕೊಂಡವಳಂತೆ ಕಚೇರಿಯ ಕಡೆ ಹೋದಳು.

ಎಂಟನೇ ಇನ್ನಿಂಗ್ಸಿನಲ್ಲಿ ಜನ ಒಬ್ಬೊಬ್ಬರೇ ಎದ್ದು ಕಾರು ನಿಲ್ಲಿಸಿದ ಕಡೆ ಹೊರಟರು. 'ಎದೆಗಟ್ಟಿಯಿಲ್ಲದವರು. ನೋಡಿದರೆ ಎಲ್ಲಿ ಮುರಿದುಹೋಗುತ್ತದೋ ಅಂತ ಹೆದರಿ ಹೋಗ್ತಿದ್ದಾರೆ,' ಎಂದುಕೊಂಡ ವೆಂಡೆಲ್. ಉಳಿದವರು ಕಡಲೆಕಾಯಿ ಸುಲಿಯುತ್ತ ಹರಟುತ್ತಿದ್ದರು. ಇವರದು ಎಂಥ ಸಂಯಮ, ಒಬ್ಬರ ಮುಖದಲ್ಲೂ ತೋರಿಸುತ್ತಿಲ್ಲ! ಕೆಳಗೆ ಮೂರನೇ ಬೇಸಿನ ಹಿಂದಿನ ಬೆಂಚಿನಿಂದ ಹೆಂಡತಿ ಮಾರ್ಲೀನ್ ಅವನತ್ತ ಕೈಬೀಸಿ, ಬೋರ್ಡು ತೋರಿಸಿ, ಹಣೆ ಹಣೆ ಚಚ್ಚಿಕೊಂಡಳು. ಪಾಪ, ಅವಳಿಗೂ ತಡೆದುಕೊಳ್ಳಲಾಗುತ್ತಿಲ್ಲ. ವೆಂಡೆಲ್ ತುಟಿಯ ಮೇಲೆ ಬೆರಳಿಟ್ಟು ಸುಮ್ಮನಿರು ಎಂದು ಸನ್ನೆ ಮಾಡಿದ.

ಒಂಬತ್ತನೆಯದು, ಕೊನೆಯ ಇನ್ನಿಂಗ್ಸು. ಒಬ್ಬ ಔಟಾದ. ಇನ್ನೊಬ್ಬ ಔಟಾದ. ವೆಂಡೆಲ್ ಮೇಜಿನ ಅಂಚನ್ನು ಹಿಡಿದ ಹಿಡಿತಕ್ಕೆ ಉಗುರು ಬೆಳ್ಳಗಾಯಿತು. ಮೂರನೆಯವನು ಹೊಡೆದ ಚೆಂಡು ಆಕಾಶಕ್ಕೆ ಹೋಗಿ, ಮೋಡದ ಜೊತೆ ಕ್ಷೇಮಸಮಾಚಾರ ಮಾತಾಡಿ, ನಿಧಾನವಾಗಿ ಇಳಿದು ಕೋಡಿಯ ಕೈಗವಸಿನೊಳಗೆ ಮಲಗಿತು. ಬುಲ್‌ಹೆಡ್ಸ್ ಗೆದ್ದಿತು.

"ಹೋ!" ಎಂದು ವೆಂಡೆಲ್ ಎದ್ದ. ಸತ್ತ ಎಡಗಾಲು ಕೈಕೊಟ್ಟಿತು. ಹಾರ್ಲನ್ನರ ಮೇಲೆ ಬಿದ್ದ. ಹಾರ್ಲನ್ನರ ನಾಚೋಸ್ ತಟ್ಟೆ ಮಗುಚಿ ಬಿಸಿ ಚೀಸು ಅವರ ಹಾಳೆಗಳ ಮೇಲೆ ಹಳದಿ ನದಿಯಾಗಿ ಹರಿಯಿತು. ವೆಂಡೆಲ್‌ಗೆ ಲಕ್ಷ್ಯವಿಲ್ಲ. ಕೂಗಿದ, ಕುಣಿದ, ಒಂದೇ ಬೂಟಿನಲ್ಲಿ ಕುರ್ಚಿ ಹತ್ತಿದ. ಕೆನ್ನೆಯಲ್ಲಿದ್ದ ಹಾಟ್‌ಡಾಗಿನ ತುಂಡು ಕಿಟಕಿಯ ಗಾಜಿಗೆ ಹೋಗಿ ಅಂಟಿತು. ಆಮೇಲೆ ಲ್ಯಾಪ್‌ಟಾಪ್ ತೆರೆದು, ಎದೆಯಲ್ಲಿ ಕಟ್ಟಿಟ್ಟಿದ್ದ ತಲೆಬರಹವನ್ನು ಒಂದೇ ಉಸಿರಿಗೆ ಬಡಿದು ಬ್ಲಾಗಿಗೆ ಏರಿಸಿಬಿಟ್ಟ: 'ಬುಲ್‌ಹೆಡ್ಸ್ ಚರಿತ್ರೆಯ ಮೊದಲ ನೋ-ಹಿಟ್ಟರ್! ಪತ್ರಿಕೆಯವರು ಇನ್ನೂ ಪೆನ್ಸಿಲ್ ಕೆತ್ತುತ್ತಿದ್ದಾರೆ, ಸುದ್ದಿ ಮೊದಲು ಇಲ್ಲಿ!'

ಕೋಣೆ ತಣ್ಣಗಿತ್ತು. ಕೆಳಗೆ ಆಟಗಾರರು ದಿನದ ಹಾಗೆ ಸಾಲಾಗಿ ಕೈ ಕುಲುಕಿ ಒಳಗೆ ಹೋಗುತ್ತಿದ್ದರು.

"ಯಾಕೆ ಯಾರೂ ಕುಣೀತಿಲ್ಲ?" ಎಂದ ವೆಂಡೆಲ್.

ಹಾರ್ಲನ್ ಚೀಸು ಒರೆಸುತ್ತ ಬೋರ್ಡಿನ ಕಡೆ ಗಲ್ಲ ಎತ್ತಿದರು. ವೆಂಡೆಲ್ ಟೋಪಿ ಸರಿಸಿ ನೋಡಿದ. ಎದುರು ತಂಡದ ಹಿಟ್‌ಗಳ ಜಾಗದಲ್ಲಿ ಒಂದು ಎಂದು ದೀಪ ಉರಿಯುತ್ತಿತ್ತು.

"ಯಾವ ಹಿಟ್? ಯಾವಾಗ?"

"ಅದೇ ಎರಡನೇ ಇನ್ನಿಂಗ್ಸಿನದು," ಎಂದರು ಹಾರ್ಲನ್. "ಮಿಸ್ ಓಸ್ಟರ್ ತೀರ್ಪು ಬದಲಾಯಿಸಿದ್ರು. ಮೈಕಲ್ಲೂ ಹೇಳಿದ್ರು. ನೀನು ಪಾಯಿಖಾನೇಲಿ ಹಸು ಕೂಗ್ದ ಹಾಗೆ ಕೂಗ್ತಿದ್ದೆ. ಆಮೇಲೆ ಹೇಳೋಕೆ ಬಂದ್ರೆ ಬಾಯಿಗೆ ಸಾಸಿವೆ ಮೆತ್ತಿದೆ."

"ಅದು ಎರರ್ ಆಗಿತ್ತು!" ವೆಂಡೆಲ್ ಮಿಸ್ ಓಸ್ಟರರ ಕಡೆ ತಿರುಗಿದ. ದನಿ ಅಳುವಿಗೆ ಬಂದಿತ್ತು. "ಚಿಕ್ಕ ಮಗೂನೂ ಹಿಡೀತಿತ್ತು! ಯಾಕೆ ಬದಲಾಯಿಸಿದ್ರಿ? ಯಾವ ಮೂರ್ಖ ಹೇಳ್ದ ನಿಮಗೆ?"

ಮಿಸ್ ಓಸ್ಟರ್ ಕನ್ನಡಕ ತೆಗೆದು ಅಂಗಿಯ ತುದಿಯಲ್ಲಿ ಒರೆಸಿ ಹಾಕಿಕೊಂಡರು. "ನೀನೇ ಅಲ್ವೇನಪ್ಪ? ನಿನ್ನ ಬ್ಲಾಗು ನಾನು ದಿನಾ ಓದ್ತೀನಿ. ಅಕ್ಷರ ಕಲಿಸಿದವಳಲ್ವಾ, ಓದದೆ ಇರೋಕಾಗುತ್ತಾ? ಒಂಬತ್ತು ವರ್ಷ ಬೈದೆ, ಸುಮ್ನಿದ್ದೆ. ಇವತ್ತು ಮೂರನೇ ಕೈ ಬೇಕಿತ್ತು ಅಂತ ಬರೆದಿದ್ಯಲ್ಲ, ಟೀವಿಯಲ್ಲಿ ಮತ್ತೆ ಹಾಕಿಸಿ ನೋಡ್ದೆ. ಹುಡುಗ ಹೇಳೋದು ಸರಿ ಅನ್ನಿಸ್ತು. ತಪ್ಪು ತಿದ್ಕೊಂಡೆ."

ಬಾಗಿಲಲ್ಲಿ ಬ್ರೆಂಡಾ ನಿಂತಿದ್ದಳು. ಒಂದು ಕೈಯಲ್ಲಿ ವೆಂಡೆಲ್‌ನ ಫೋಟೋ ಅಂಟಿಸಿದ ವರ್ಷದ ಕಾರ್ಡು, ಇನ್ನೂ ಬಿಸಿಯಾಗಿತ್ತು. ಬ್ಲಾಗಿನವನ ಮಾತಿಗೆ ಸ್ಕೋರರ್ ತೀರ್ಪು ಬದಲಾಯಿಸಿದ್ದು ಕಂಡು ಅವಳೇ ಹೋಗಿ ಮಾಡಿಸಿಕೊಂಡು ಬಂದಿದ್ದಳು. ಇನ್ನೊಂದು ಕೈಯಲ್ಲಿ ಫೋನು, ಅದರಲ್ಲಿ ಅವನ ಹೊಸ ತಲೆಬರಹ. ಅದನ್ನು ಓದಿದಳು, ಗಾಜಿನ ಮೇಲಿನ ಹಾಟ್‌ಡಾಗ್ ನೋಡಿದಳು, ಕುರ್ಚಿಯ ಮೇಲೆ ನಿಂತವನನ್ನು ನೋಡಿದಳು. ಹೊಸ ಕಾರ್ಡನ್ನು ಜೇಬಿಗಿಳಿಸಿ, ಅವನ ಕೊರಳಲ್ಲಿದ್ದ ಹಳೆಯದನ್ನೂ ಬಿಚ್ಚಿಕೊಂಡು ಹೊರಟುಹೋದಳು.

ಅವಳ ಹಿಂದೆಯೇ ಕೋಡಿ ಓಡಿಬಂದ. "ಎರರ್ ತೆಗೆಸಿದ್ದು ನೀವೇ ಅಂತೆ! ನಮ್ಮಪ್ಪನ ಹಾಗೆ ಬಂದ್ರಿ ನೀವು!" ಎಂದು ಕುರ್ಚಿಯ ಸಮೇತ ವೆಂಡೆಲ್‌ನನ್ನು ತಬ್ಬಿಕೊಂಡ. ಕೋಡಿಯ ಭುಜದ ಮೇಲಿನಿಂದ ವೆಂಡೆಲ್‌ಗೆ ಓಣಿಯ ಆ ತುದಿ ಕಾಣಿಸಿತು. ತೋಳಿಗೆ ಮಂಜುಗಡ್ಡೆಯ ಚೀಲ ಕಟ್ಟಿಕೊಂಡು ಕಿಂಟೆರೊ ನಿಧಾನವಾಗಿ ನಡೆದು ಬರುತ್ತಿದ್ದ. ಅವನು ಕೋಣೆಯಿಂದ ಕೋಣೆಗೆ ಇಣುಕಿ, "ಆ ಚೆಂಡು ಹಿಟ್ ಅಂತ ಬರೆದೋರು ಯಾರು? ಯಾರು ಅಂತ ನೋಡ್ಬೇಕಿತ್ತು," ಎಂದು ಬಹಳ ಮೃದುವಾಗಿ ವಿಚಾರಿಸುತ್ತಿದ್ದ.

ವೆಂಡೆಲ್ ಕೋಡಿಯ ತೋಳಿನಿಂದ ನುಣುಚಿಕೊಂಡು ಮೇಜಿನಡಿ ನುಸುಳಿ ಕೂತ. ಅಲ್ಲಿಂದ ನೋಡಿದರೆ ಹಾರ್ಲನ್ನರ ಮೊಣಕಾಲು, ಮೇಲೆ ಕೀಲಿಮಣೆಯ ಟಕಟಕ ಸದ್ದು.

"ಹಾರ್ಲನ್ ಸಾರ್," ಎಂದು ಪಿಸುಗುಟ್ಟಿದ. "ಏನು ಬರೀತಿದ್ದೀರಿ?"

"ಇದ್ದದ್ದು ಇದ್ದ ಹಾಗೆ. ನಾಳೆ ಮೊದಲನೇ ಪುಟ. ನೋ-ಹಿಟ್ಟರ್ ತಪ್ಪಿಸಿದವರು ವೆಂಡೆಲ್ ಸ್ಟ್ರೂಬ್, ಹಾರ್ಡ್‌ವೇರ್ ಅಂಗಡಿ, ಬಣ್ಣದ ವಿಭಾಗ. ಫೋಟೋನೂ ಇದೆ, ಕುರ್ಚಿ ಮೇಲೆ ಕುಣಿಯೋದು."

ವೆಂಡೆಲ್ ಹಾರ್ಲನ್ನರ ಪ್ಯಾಂಟಿನ ಅಂಚು ಹಿಡಿದುಕೊಂಡ. "ಸಾರ್, ನಿಮ್ಮ ದಮ್ಮಯ್ಯ. ನನ್ನ ಹೆಸರು ಬೇಡ. ಯಾವಾಗ್ಲೂ ಹಾಕೋ ಹಾಗೆ ಹಾಕಿಬಿಡಿ. 'ಕೆಲವು ಅಭಿಮಾನಿಗಳ ಪ್ರಕಾರ' ಅಂತ."

"ಛೆ ಛೆ," ಎಂದರು ಹಾರ್ಲನ್, ಟಕಟಕ ನಿಲ್ಲಿಸದೆ. "ಒಂಬತ್ತು ವರ್ಷದಿಂದ ಕೇಳ್ತಾನೇ ಇದ್ದೀಯ. ಇನ್ನೂ ಹೆಸರು ಹಾಕದೆ ಇದ್ರೆ ನಮ್ಮ ಪತ್ರಿಕೆಗೆ ಮರ್ಯಾದೆ ಇರುತ್ತೇನಪ್ಪ?"