ಏರಿನ ಊರಿಗೊಂದು ಸೈಕಲ್

ಗುಡ್ಡದ ಊರಿನಲ್ಲಿ ಸೈಕಲ್ ಕೊಳ್ಳಲು ಹೊರಟವರಿಗೆ ಸಲಹೆ ಕೊಡುವವರು ಬೇಕಾದಷ್ಟು ಸಿಗುತ್ತಾರೆ. ಸೈಕಲ್ ಹೊಡೆಯುವವರು ಮಾತ್ರ ಸಿಗುವುದಿಲ್ಲ. ಇದು ನನಗೆ ತಿಳಿದದ್ದು ತೊಂಬತ್ತರ ದಶಕದ ಕೊನೆಯಲ್ಲಿ, ಗೋಣಿಬೀಡಿನ ಹತ್ತಿರದ ಶಾಲೆಯೊಂದರಲ್ಲಿ ನಾನು ಟೀಚರಾಗಿದ್ದಾಗ. ಮನೆ ಗುಡ್ಡದ ಮೇಲೆ, ಶಾಲೆ ಕೆಳಗೆ. ನಡುವೆ ಓಡಾಡುವ ಜೀಪು ಭರ್ತಿಯಾಗದೆ ಹೊರಡುತ್ತಿರಲಿಲ್ಲ. ಕೊನೆಯ ಪ್ರಯಾಣಿಕ ಕಾಫಿ ಕುಡಿದು, ಎಲೆಅಡಿಕೆ ಹಾಕಿಕೊಂಡು ಬಂದು ಹತ್ತುವ ಹೊತ್ತಿಗೆ ಶಾಲೆಯಲ್ಲಿ ಪ್ರಾರ್ಥನೆ ಮುಗಿದಿರುತ್ತಿತ್ತು. ಹೆಡ್‌ಮಾಸ್ತರು ಬೈಯುವವರಲ್ಲ. ನಾನು ಒಳಗೆ ಕಾಲಿಟ್ಟ ಕೂಡಲೇ ಎದ್ದು ಗೋಡೆ ಗಡಿಯಾರಕ್ಕೆ ಕೀ ಕೊಡುತ್ತಿದ್ದರು. ದಿನಾ ಕೀ ಬೇಡುವ ಗಡಿಯಾರವಲ್ಲ ಅದು.

ಒಂದು ಬೆಳಿಗ್ಗೆ ಸೈಕಲ್ ತಗೊಳ್ಳುತ್ತೇನೆ ಎಂದು ಮನೆಯಲ್ಲಿ ಸಾರಿಬಿಟ್ಟೆ. ಸೀರೆ ಉಟ್ಟು ಸೈಕಲ್ ಹೊಡೆದವರನ್ನು ಈ ಕಡೆ ಕಂಡಿಲ್ಲ ಎಂದರು ನಮ್ಮವರು. ಇನ್ನು ಕಾಣುತ್ತೀರಿ ಎಂದೆ. ಪಕ್ಕದ ಎಸ್ಟೇಟಿನಲ್ಲಿ ಲೆಕ್ಕ ಬರೆಯುವ ರೈಟರು, ಜನ್ಮದಲ್ಲಿ ಸೈಕಲ್ ಹತ್ತದವರು, ಗೇರಿನದ್ದೇ ಆಗಬೇಕೆಂದು ಅಪ್ಪಣೆ ಕೊಡಿಸಿದರು. ಅತ್ತೆ ಮಾತ್ರ ನನ್ನ ತಟ್ಟೆಗೆ ಇನ್ನಷ್ಟು ಚಟ್ನಿ ಬಡಿಸಿದರು.

ಮೂಡಿಗೆರೆಯ ಅಂಗಡಿಯವರು ಬುಟ್ಟಿಯನ್ನು ಹೊಗಳಿದರು, ಬಣ್ಣವನ್ನು ಹೊಗಳಿದರು. ಅಂಗಡಿ ಮುಂದಿನ ಇಳಿಜಾರಿನಲ್ಲಿ ಹೊಡೆದು ನೋಡದೆ ಕೊಳ್ಳುವುದಿಲ್ಲ ಎಂದು ನಾನು ಸೆರಗು ಸಿಕ್ಕಿಸಿದೆ. ಗೇರಿನ ಸೈಕಲ್ಲನ್ನು ಮೊದಲು ಏರಿನತ್ತ ಹೊಡೆಯಲು ಹೋಗಿ ಯಾವುದನ್ನೋ ತಿರುಗಿಸಿಬಿಟ್ಟೆ; ಪೆಡಲು ಗಿರಗಿರನೆ ತಿರುಗಿದರೂ ನಾನು ಇದ್ದಲ್ಲೇ ಇದ್ದೆ. ದೊಡ್ಡ ಕರಿ ಸೈಕಲ್ ಹೊರಟಿತು, ನಿಲ್ಲಲಿಲ್ಲ. ಎದುರಿನ ದರ್ಜಿಯ ಬಾಗಿಲೇ ನಿಲ್ಲಿಸಬೇಕಾಯಿತು. ಮೂರನೆಯದು ಬುಟ್ಟಿಯಿಲ್ಲದ, ಮಂಕು ಹಸಿರಿನ ಲೇಡೀಸ್ ಸೈಕಲ್. ಬ್ರೇಕ್ ಹಿಡಿದೆ, ನಿಂತಿತು. ಎರಡೂ ಕಾಲು ನೆಲಕ್ಕೆ ತಾಗಿದವು. ಇದೇ ಸಾಕು ಎಂದೆ.

"ಮೇಡಂ, ಇದು ನಿಮ್ಮೂರಿನ ಏರು ಹತ್ತಲ್ಲ," ಎಂದರು ಅಂಗಡಿಯವರು.

"ಏರಲ್ಲಿ ನಾನೇ ನಡೀತೀನಿ. ಇಳಿಜಾರಲ್ಲಿ ಇದು ನಿಲ್ಬೇಕು, ಅಷ್ಟೇ."

ಮರುದಿನ ಬೆಳಿಗ್ಗೆ ಅರ್ಧ ತುಂಬಿ ಕಾಯುತ್ತಿದ್ದ ಜೀಪನ್ನು ದಾಟಿ ಹೋದೆ. ಡ್ರೈವರ್ ಹಾರ್ನ್ ಹೊಡೆದ. ನಾನು ತಿರುಗಿ ನೋಡಲಿಲ್ಲ. ಧೈರ್ಯವಿರಲಿಲ್ಲ. ಗಂಟೆ ಹೊಡೆಯುವ ಮೊದಲೇ ಶಾಲೆಯ ಅಂಗಳದಲ್ಲಿದ್ದೆ.

ಸಂಜೆ ಸೈಕಲ್ ತಳ್ಳುತ್ತಾ ಏದುಸಿರು ಬಿಡುತ್ತಿದ್ದಾಗ ತಿರುವಿನಲ್ಲಿ ಅತ್ತೆ ನಿಂತಿದ್ದರು. ಕ್ಯಾರಿಯರ್ ಹಿಡಿದು ಹಿಂದಿನಿಂದ ತಳ್ಳಿದರು. ಗೇಟಿನ ಹತ್ತಿರ ಬಂದಾಗ ಕೇಳಿದರು: "ನಂಗೂ ಕಲಿಸ್ತೀಯೇನೇ?"

ಐವತ್ತು ದಾಟಿದವರು, ಕಾಫಿ ಒಣಗಿಸುವ ಕಣದಲ್ಲಿ ಬಿದ್ದು, ಎದ್ದು, ಮಂಡಿಗೆ ಎಣ್ಣೆ ಹಚ್ಚಿಕೊಂಡು ಕಲಿತೇಬಿಟ್ಟರು. ಮಗ ಬೇಡವೆಂದಷ್ಟೂ ಅವರಿಗೆ ಹುರುಪು.

ಈಗ ಸೈಕಲ್ ಕೊಳ್ಳುವವರೆಲ್ಲ ನನ್ನ ಬಳಿ ಬರುತ್ತಾರೆ. ಬ್ರೇಕು, ಸೀಟಿನ ಎತ್ತರ, ಚೈನ್ ಕವರ್ ಎಂದು ನಾನು ದೊಡ್ಡ ಭಾಷಣವನ್ನೇ ಮಾಡುತ್ತೇನೆ. ಮೊನ್ನೆ ಹೀಗೇ ಬಂದವರಿಗೆ ಕಾಫಿ ಕೊಡುತ್ತಾ ಅತ್ತೆ ಹೇಳಿದರು: "ಇವ್ಳು ಹೇಳಿದ್ದೇ ತಗೊಳ್ಳಿ. ಸೈಕಲ್ಲನ್ನ ಇವ್ಳಷ್ಟು ತಳ್ಳಿದವರು ಈ ತಾಲ್ಲೂಕಲ್ಲೇ ಇಲ್ಲ."