ಒಳಗೆ ಬಿಟ್ಟ ಬಟ್ಟೆ

ನಮ್ಮ ಅಕ್ಕನ ಎದುರು ಹೊಟ್ಟೆ ಒಳಗೆಳೆದುಕೊಂಡು ನಿಂತು ಗೆದ್ದ ಹೆಂಗಸು ಚಿಂತಾಮಣಿಯಲ್ಲಿ ಇನ್ನೂ ಹುಟ್ಟಿಲ್ಲ!

ಅಕ್ಕ ಎಂದರೆ ನನ್ನ ಓರಗಿತ್ತಿ, ಬಾವನ ಹೆಂಡತಿ. ಇಂಗ್ಲಿಷ್ ಶಾಲೆಯಲ್ಲಿ ಓದಿದವಳೆಂದು ನನ್ನನ್ನು ಕಾನ್ವೆಂಟಮ್ಮ ಎಂದೇ ಕರೆಯುತ್ತಾರೆ. ಮನೆಯ ಪಡಸಾಲೆಯಲ್ಲೇ ರವಿಕೆ ಹೊಲಿಯುತ್ತಾರೆ. ಕೊರಳಲ್ಲಿ ಟೇಪು ಸದಾ ಸರದಂತೆ ನೇತಾಡುತ್ತಿರುತ್ತದೆ ನಿಜ. ಆದರೆ ಅಳತೆ ತೆಗೆಯುವುದು ಅವರ ಕಣ್ಣು, ಟೇಪು ಬರೀ ಸಾಕ್ಷಿಗೆ!

ಒಮ್ಮೆ ನಮ್ಮ ಬೀದಿಯ ಟೀಚರಮ್ಮ ಉಸಿರು ಬಿಗಿಹಿಡಿದು ನಿಂತರು. ಅಕ್ಕ ಟೇಪು ಹಿಡಿದು ಸುಮ್ಮನೆ ಕಾದರು. ಟೀಚರಮ್ಮನ ಮುಖ ಕೆಂಪಾಯಿತು, ಆಮೇಲೆ ನೇರಳೆಯಾಯಿತು.

“ಬಿಡಿ ಟೀಚರಮ್ಮ. ಮದುವೆ ಮನೇಲಿ ಊಟಕ್ಕೆ ಕೂತ್ಮೇಲೆ ಉಸಿರು ಬಿಡಲೇಬೇಕಲ್ಲ. ಆವಾಗ ಹುಕ್ಕು ಹಾರಿ ಬಡಿಸೋರ ಕಣ್ಣಿಗೆ ಬಿದ್ರೆ ನಾನಾ ಹೊಣೆ?”

ಟೀಚರಮ್ಮ ಬಿಟ್ಟರು. ಟೇಪು ಮೂರು ಇಂಚು ಮುಂದಕ್ಕೋಡಿತು!

ಇನ್ನು ಒಳಗೆ ಬಟ್ಟೆ ಬಿಡುವ ಹುಚ್ಚು. ಬೇರೆಯವರು ಹೊಲಿಗೆಯ ಒಳಗೆ ಒಂದು ಬೆರಳಿನಷ್ಟು ಬಿಟ್ಟರೆ ಅಕ್ಕ ಎರಡು ಬೆರಳು ಬಿಡುತ್ತಾರೆ. ಕೆಂಚಾರ್ಲಹಳ್ಳಿಯಿಂದ ಬಂದ ಮದುವಣಗಿತ್ತಿ ಕಡ್ಡಿಯ ಹಾಗಿದ್ದಳು. ರವಿಕೆ ತೊಟ್ಟು ನೋಡಿ ಗೋಳಾಡಿದಳು.

“ಅಕ್ಕಾ, ಇದರೊಳಗೆ ಇನ್ನೊಂದು ರವಿಕೆ ಐತೆ, ಚುಚ್ತೈತೆ!”

“ಇರ್ಲಿ ಕಣಮ್ಮ. ಮನುಷ್ಯರು ಅಂದ್ಮೇಲೆ ಬೆಳೀದೆ ಇರ್ತಾರಾ?”

ಎರಡು ವರ್ಷದ ಮೇಲೆ ಅದೇ ಹುಡುಗಿ ಕಂಕುಳಲ್ಲಿ ಕೂಸು, ಕೈಯಲ್ಲಿ ಅದೇ ರವಿಕೆ ಹಿಡಿದು ಬಂದಳು. ಬ್ಲೇಡು ತೆಗೆದು ಹೊಲಿಗೆ ಬಿಚ್ಚುವಾಗ ಅಕ್ಕನ ಮುಖ ನೋಡಬೇಕಿತ್ತು. ಎಲೆಕ್ಷನ್ ಗೆದ್ದವರೂ ಅಷ್ಟು ಬೀಗುವುದಿಲ್ಲ!

ಬಾವ ಆಸೆಪಟ್ಟು ಮಿಷಿನ್ನಿಗೆ ಮೋಟಾರು ತಂದುಕೊಟ್ಟರು. ಅದು ಡಬ್ಬಿಯ ಸಮೇತ ಅಟ್ಟ ಸೇರಿತು. ಅಕ್ಕ ಕಾಲಲ್ಲೇ ತುಳಿಯುತ್ತಾರೆ. ಅದೂ ಹೇಗೆ? ಹತ್ತು ಹೊಲಿಗೆ ಹಾಕುವುದು, ನಿಲ್ಲಿಸುವುದು, ತಲೆ ವಾರೆ ಮಾಡುವುದು. ಮತ್ತೆ ಹತ್ತು. ಅಕ್ಕ ತೆಲುಗಿನಲ್ಲಿ ಪೆದ್ದಮ್ಮ, ಅಂದರೆ ದೊಡ್ಡಮ್ಮ ಎನ್ನುವ ಪಕ್ಕದ ಮನೆಯ ಅಜ್ಜಿಗೆ ತಡೆಯಲಾಗಲಿಲ್ಲ.

“ಏನಮ್ಮಾ ಇದು, ತೊಂಡೇಬಾವಿ ಪ್ಯಾಸೆಂಜರಾ? ಸ್ಟೇಷನ್ ಸ್ಟೇಷನ್‌ಗೂ ನಿಂತ್ಕೊಂತೈತೆ?”

“ಹತ್ತೋರು ಇಳಿಯೋರು ಇರ್ತಾರೆ ಪೆದ್ದಮ್ಮ. ನಿಲ್ಲಿಸ್ದೆ ಆಗ್ತದಾ?”

ನಾನೂ ನಕ್ಕಿದ್ದೆ. ಆಮೇಲೊಂದು ಮಧ್ಯಾಹ್ನ ಹುಕ್ಕು ಹಾಕಿಕೊಡಲು ಹೋಗಿ ಮಿಷಿನ್ನಿನ ಪಕ್ಕದಲ್ಲೇ ಕುಳಿತೆ. ಚಾಪೆಯ ಮೇಲೆ ಅವರ ಮಗಳು ಮಲಗಿದ್ದಳು. ಹತ್ತು ಹೊಲಿಗೆ ಆಯಿತು, ಮಿಷಿನ್ ನಿಂತಿತು. ಆ ನಿಶ್ಶಬ್ದದಲ್ಲಿ ಮಗುವಿನ ಉಸಿರು ಸಣ್ಣಗೆ ಕೇಳಿಸಿತು. ಅಕ್ಕನ ಕಾಲು ಮತ್ತೆ ಆಡಿತು. ಮೋಟಾರಿನ ಗದ್ದಲದಲ್ಲಿ ಆ ಸದ್ದು ಎಲ್ಲಿ ಕೇಳಿಸಬೇಕು?

ಮಗುವಿಗೆ ಹುಟ್ಟಿನಿಂದಲೇ ಹೃದಯದ ತೊಂದರೆ. ಒಂದು ಆಪರೇಷನ್ ಆಗಿದೆ. ಎರಡನೆಯದಕ್ಕೆ ಡಾಕ್ಟರು, “ಇನ್ನೊಂದಿಷ್ಟು ಬೆಳೀಲಿ, ತೂಕ ಬರಲಿ” ಎಂದು ಹೇಳಿ ಮೂರು ವರ್ಷವಾಯಿತು. ಈಗ ಅವಳಿಗೆ ಒಂಬತ್ತು, ನೋಡಿದವರು ಐದೋ ಆರೋ ಎನ್ನುತ್ತಾರೆ. ಶಾಲೆಗೆ ಹೋಗಲಾಗದ ದಿನಗಳೇ ಹೆಚ್ಚು. ಅಕ್ಕ ಒಂದು ಕೈಯಲ್ಲಿ ಬಟ್ಟೆ ತಳ್ಳುತ್ತಾರೆ, ಇನ್ನೊಂದರಲ್ಲಿ ಗೋಲಿಯಷ್ಟು ಮುದ್ದೆ ಸಾರಿಗದ್ದಿ ಬಾಯಿಗಿಡುತ್ತಾರೆ. ತುಳಿತದ ತಾಳಕ್ಕೇ ಮಗ್ಗಿ ಹೇಳಿಸುತ್ತಾರೆ. ಏಳರ ಮಗ್ಗಿಯ ದಿನ ಮಾತ್ರ ಯಾರದೋ ರವಿಕೆಯ ಎಡತೋಳು ಬಲಕ್ಕೆ ಹೋಗಿರುತ್ತದೆ!

ಅವಳ ಆರನೆಯ ಹುಟ್ಟುಹಬ್ಬಕ್ಕೆ ಅಕ್ಕ ಕೆಂಪು ರೇಷ್ಮೆ ಲಂಗ ಹೊಲಿದಿದ್ದರು. ಕೆಳಗೆ ಒಂದರ ಮೇಲೊಂದು ಐದು ಮಡಿಕೆ. “ವರ್ಷಕ್ಕೊಂದು ಬಿಚ್ತೀನಿ” ಎಂದಿದ್ದರು. ಯುಗಾದಿ ಬಂದಾಗಲೆಲ್ಲ ಮಗಳನ್ನು ಗೋಡೆಗೆ ನಿಲ್ಲಿಸಿ ಸೊಂಟದಿಂದ ನೆಲದವರೆಗೆ ಟೇಪು ಹಿಡಿಯುತ್ತಿದ್ದರು. ಮೂರು ಯುಗಾದಿ ಬ್ಲೇಡು ಹಾಗೆಯೇ ಡಬ್ಬಿಗೆ ಮರಳಿತ್ತು.

ಈ ಯುಗಾದಿಗೆ ನಾನು ಅಲ್ಲೇ ಇದ್ದೆ. ಮುಂದಿನ ವಾರ ಮಗುವನ್ನು ಡಾಕ್ಟರ ಹತ್ತಿರ ಕರೆದೊಯ್ಯಬೇಕಿತ್ತು. ಅಲ್ಲಿ ಹಿಮ್ಮಡಿ ಒತ್ತಿಹಿಡಿದು ಅಳೆಯುತ್ತಾರೆ, ಯಾರ ಆಟವೂ ನಡೆಯದು.

ಅಕ್ಕ ಟೇಪು ಹಿಡಿದು ಮಂಡಿಯೂರಿದರು. ಅಡುಗೆಮನೆ ಬಾಗಿಲಲ್ಲಿ ನಿಂತ ನನಗೆ ಕಂಡಿತು: ಮಗುವಿನ ಹಿಮ್ಮಡಿಗಳು ಮೆಲ್ಲಗೆ ನೆಲ ಬಿಟ್ಟವು. ಬೆರಳ ತುದಿಗಳು ನಡುಗುತ್ತಿದ್ದವು. ಉಸಿರು ಬಿಗಿಹಿಡಿದು ಕೆನ್ನೆ ಉಬ್ಬಿಸಿಕೊಂಡಿದ್ದಳು, ಥೇಟ್ ಟೀಚರಮ್ಮನ ಹಾಗೆ.

ಈಗ ಹೇಳ್ತಾರೆ, ಬಿಡಮ್ಮ ಅಂತಾರೆ ಎಂದು ಕಾದೆ. ಅಕ್ಕನ ಮುಖ ಆ ಹಿಮ್ಮಡಿಗಳಿಂದ ಒಂದು ಗೇಣು ದೂರದಲ್ಲಿತ್ತು.

“ಅಮ್ಮಾ, ಉದ್ದ ಆಗಿದೀನಾ?”

“ಹೂಂ ಕಣಮ್ಮ, ಆಗಿದೀಯ. ಒಂದು ಮಡಿಕೆ ಬಿಚ್ಬೇಕು.”

ಅಕ್ಕ ಬ್ಲೇಡು ತೆಗೆದರು. ಮೂರು ವರ್ಷ ಬೆಳಕು ಕಾಣದಿದ್ದ ರೇಷ್ಮೆ, ಮಡಿಕೆಯೊಳಗಿಂದ ಹೊಸ ಕೆಂಪಾಗಿ ಹೊರಬಂತು. ಲಂಗ ನೆಲ ಗುಡಿಸುತ್ತಿತ್ತು. ಮಗು ಅದನ್ನು ಎರಡೂ ಮುಷ್ಟಿಯಲ್ಲಿ ಎತ್ತಿ ಹಿಡಿದು, ಪಕ್ಕದ ಮನೆಯ ಅಜ್ಜಿಗೆ ತೋರಿಸಲು ನಿಧಾನವಾಗಿ ಹೊಸಿಲು ದಾಟಿದಳು.

ಅಕ್ಕ ನೆಲದ ಮೇಲಿನ ದಾರದ ಚೂರುಗಳನ್ನು ಒಂದೊಂದಾಗಿ ಹೆಕ್ಕುತ್ತಿದ್ದರು. ನನ್ನ ಕಡೆ ನೋಡಲಿಲ್ಲ.

“ಏನಂಗೆ ನಿಂತ್ಕೊಂಡೆ, ಕಾನ್ವೆಂಟಮ್ಮ? ಇನ್ನೂ ನಾಲ್ಕು ಮಡಿಕೆ ಐತೆ.”